ಕೆಂಪು ಮುಚ್ಚಳ, ನಲವತ್ತು ಗೆರೆ: ನರ್ಸಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಯು-40 ಇನ್ಸುಲಿನ್ ಸಿರಿಂಜ್

ಒಂದು ಮಿಲಿಲೀಟರ್ ಹಿಡಿಯುವ ಕೊಳವೆ, ಅದಕ್ಕೇ ಬೆಸೆದುಕೊಂಡ ಕೂದಲೆಳೆಯಂತಹ ಸೂಜಿ, ಸೂಜಿಯ ಮೇಲೊಂದು ಕೆಂಪು ಮುಚ್ಚಳ, ಕೊಳವೆಯ ಮೈಮೇಲೆ ನಲವತ್ತು ಕಪ್ಪು ಗೆರೆಗಳು. ಯು-40 ಇನ್ಸುಲಿನ್ ಸಿರಿಂಜ್ ಎಂದರೆ ಇಷ್ಟೇ. ನಮ್ಮ ವಾರ್ಡುಗಳ ಮೆಡಿಸಿನ್ ಟ್ರೇಯಲ್ಲೂ, ಸಕ್ಕರೆ ಕಾಯಿಲೆಯವರಿರುವ ಮನೆಗಳ ಫ್ರಿಜ್ಜಿನ ಬಾಗಿಲಲ್ಲೂ ಇದು ಕಾಣಸಿಗುತ್ತದೆ. ಮೊದಲು ವಿದ್ಯಾರ್ಥಿನಿಯಾಗಿ, ಆಮೇಲೆ ಸ್ಟಾಫ್ ನರ್ಸ್ ಆಗಿ, ಈಗ ಬೋಧಕಿಯಾಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಇದನ್ನು ಬಳಸಿದ್ದೇನೆ, ಬಳಸಲು ಕಲಿಸಿದ್ದೇನೆ. ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಸರಕನ್ನು ಕುರಿತದ್ದಲ್ಲ. ಬೇರೆ ಬೇರೆ ಕಂಪನಿಗಳವು ಬಹುಮಟ್ಟಿಗೆ ಒಂದೇ ವಿನ್ಯಾಸದವಾದ್ದರಿಂದ ಆ ವಿನ್ಯಾಸದ ಗುಣದೋಷಗಳನ್ನೇ ನೋಡುತ್ತೇನೆ. ಮೊದಲ ಬಾರಿ ರೋಗಿಯ ಮುಂದೆ ಸಿರಿಂಜ್ ಹಿಡಿದು ನಿಲ್ಲಲಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣವನ್ನು ಮೊದಲು ಹೇಳಬೇಕು. ನಮ್ಮ ದೇಶದಲ್ಲಿ ವಯಲ್‌ಗಳಲ್ಲಿ (ಔಷಧಿಯ ಪುಟ್ಟ ಸೀಸೆಗಳಲ್ಲಿ) ಬರುವ, ಬೇಗ ಕೆಲಸ ಮಾಡುವ ರೆಗ್ಯುಲರ್, ನಿಧಾನವಾಗಿ ಹೆಚ್ಚು ಹೊತ್ತು ಕೆಲಸ ಮಾಡುವ ಎನ್‌ಪಿಎಚ್, ಇವೆರಡೂ ಸೇರಿದ 30/70 ಮಿಶ್ರಣದ ಇನ್ಸುಲಿನ್‌ಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯವು. 10 ಮಿಲಿಲೀಟರಿನ ಒಂದು ವಯಲ್‌ನಲ್ಲಿ 400 ಯೂನಿಟ್ ಇರುತ್ತದೆ. ಈ ಸಿರಿಂಜಿನಲ್ಲಿ ಒಂದು ಮಿಲಿಲೀಟರನ್ನು ನಲವತ್ತು ಭಾಗ ಮಾಡಿರುವುದರಿಂದ ಒಂದು ಗೆರೆ ಎಂದರೆ ಒಂದು ಯೂನಿಟ್. ವೈದ್ಯರು ಹದಿನಾರು ಯೂನಿಟ್ ಎಂದು ಬರೆದಿದ್ದರೆ ಹದಿನಾರನೆಯ ಗೆರೆಯವರೆಗೆ ಎಳೆದರೆ ಮುಗಿಯಿತು. ಗುಣಾಕಾರವಿಲ್ಲ, ಭಾಗಾಕಾರವಿಲ್ಲ, ದಶಾಂಶದ ಚುಕ್ಕೆಯಿಲ್ಲ. ಬೆಳಗಿನ ಏಳು ಗಂಟೆಗೆ ಹತ್ತು ಮಂದಿಯ ಇನ್ಸುಲಿನ್ ಬಾಕಿಯಿದ್ದು, ಅತ್ತ ತಿಂಡಿಯ ಗಾಡಿಯೂ ಬರುತ್ತಿರುವಾಗ ಲೆಕ್ಕವಿಲ್ಲದೆ ಅಳೆಯಬಹುದಾದ ಸಾಧನ ಎಷ್ಟು ದೊಡ್ಡ ಉಪಕಾರವೆಂಬುದು ಆ ಡ್ಯೂಟಿ ಮಾಡಿದವರಿಗೆ ಗೊತ್ತು.

ಗೆರೆಗಳ ನಡುವಿನ ಅಂತರವೂ ಕಣ್ಣಿಗೆ ಹಿತವಾಗಿದೆ. ಇಲ್ಲಿ ಒಂದು ಯೂನಿಟ್ ಎಂದರೆ 0.025 ಮಿಲಿಲೀಟರ್. ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಯು-100ರಲ್ಲಿ ಅದೇ ಒಂದು ಯೂನಿಟ್ 0.01 ಮಿಲಿಲೀಟರಿಗೆ ಇಳಿಯುತ್ತದೆ. ಒಂದು ಮಿಲಿಲೀಟರಿನ ಯು-100 ಸಿರಿಂಜಿನಲ್ಲಿ ಒಂದೊಂದು ಗೆರೆಗೆ ಎರಡೆರಡು ಯೂನಿಟ್ ಆಗುವುದರಿಂದ ಏಳು, ಒಂಬತ್ತರಂತಹ ಬೆಸ ಸಂಖ್ಯೆಯ ಡೋಸನ್ನು ಕಣ್ಣಂದಾಜಿನಲ್ಲಿ ಎಳೆಯಬೇಕಾಗುತ್ತದೆ. ಕಡಿಮೆ ಡೋಸಿನ ವೃದ್ಧರಿಗೂ ಮಕ್ಕಳಿಗೂ 40ರ ಗೆರೆಗಳೇ ಹೆಚ್ಚು ನಂಬಿಕೆಯವು ಎಂಬುದು ನನ್ನ ಅನುಭವ. ಸೂಜಿ ಕೊಳವೆಗೆ ಬೆಸೆದಿರುವುದೂ ಒಂದು ಗುಣವೇ. ಸೂಜಿ ಬಿಚ್ಚಿ ಹಾಕುವ ಸಿರಿಂಜಿನಲ್ಲಿ ಸೂಜಿಯ ಬುಡದಲ್ಲಿ ಒಂದಿಷ್ಟು ಔಷಧಿ ಉಳಿದುಬಿಡುತ್ತದೆ; ಇದರಲ್ಲಿ ಉಳಿಯುವುದು ಅತ್ಯಲ್ಪ. ರೆಗ್ಯುಲರ್ ಮತ್ತು ಎನ್‌ಪಿಎಚ್ ಎರಡನ್ನೂ ಒಂದೇ ಸಿರಿಂಜಿನಲ್ಲಿ ಎಳೆಯುವಾಗ ಇದರ ಬೆಲೆ ತಿಳಿಯುತ್ತದೆ. ಎಂಟು ಯೂನಿಟ್ ರೆಗ್ಯುಲರ್, ಹದಿನಾರು ಯೂನಿಟ್ ಎನ್‌ಪಿಎಚ್ ಬೇಕಿದ್ದರೆ ಮೊದಲು ಹದಿನಾರು ಗೆರೆಯಷ್ಟು ಗಾಳಿಯನ್ನು ಎನ್‌ಪಿಎಚ್ ವಯಲ್‌ಗೂ, ಎಂಟು ಗೆರೆಯಷ್ಟನ್ನು ರೆಗ್ಯುಲರ್ ವಯಲ್‌ಗೂ ಬಿಟ್ಟು, ತಿಳಿಯಾಗಿರುವ ರೆಗ್ಯುಲರನ್ನು ಎಂಟರವರೆಗೆ ಮೊದಲು ಎಳೆದು, ಅನಂತರ ಮೋಡದಂತಿರುವ ಎನ್‌ಪಿಎಚ್ಚನ್ನು ಇಪ್ಪತ್ತನಾಲ್ಕರವರೆಗೆ ಎಳೆಯಬೇಕು. ಈ ಕ್ರಮ ತಪ್ಪಿದರೆ ರೆಗ್ಯುಲರ್ ವಯಲ್‌ಗೆ ಎನ್‌ಪಿಎಚ್ ಸೇರಿ ಅದರ ಗುಣವೇ ಬದಲಾಗುತ್ತದೆ. ಇಡೀ ದಿನ ಕೆಲಸ ಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ನೋಡಲು ತಿಳಿಯಾಗಿದ್ದರೂ ಅದನ್ನು ಯಾವುದರೊಂದಿಗೂ ಬೆರೆಸುವಂತಿಲ್ಲ.

ಇನ್ನು ದೋಷಕ್ಕೆ ಬರುತ್ತೇನೆ. ಈ ಬರಹದ ಉದ್ದೇಶವೇ ಅದು.

ಒಂದು ಗೆರೆಗೆ ಒಂದು ಯೂನಿಟ್ ಎಂಬ ಮಾತು ಆ ಸಿರಿಂಜ್ 40ರ ವಯಲ್‌ನ ಜೊತೆಗಿದ್ದಾಗ ಮಾತ್ರ ಸತ್ಯ. ಜೋಡಿ ತಪ್ಪಿದರೆ ಅದೇ ಗೆರೆ ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳು ಕಣ್ಣಿಗೆ ಕಾಣುವುದಿಲ್ಲ. ಅಂಕಿ ಸರಿಯಾಗಿರುತ್ತದೆ, ಗಾಳಿಗುಳ್ಳೆ ಇರುವುದಿಲ್ಲ, ಚಾರ್ಟಿನಲ್ಲಿ ಬರೆದದ್ದೂ ಹೊಂದುತ್ತದೆ. 40ರ ವಯಲ್‌ನಿಂದ ಯು-100 ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಒಳಗೆ ಬಂದದ್ದು 0.2 ಮಿಲಿಲೀಟರ್, ಅಂದರೆ ಬರೀ 8 ಯೂನಿಟ್. ತಿರುಗಿಸಿ ನೋಡಿದರೆ ಇನ್ನೂ ಭಯ. 100ರ ವಯಲ್‌ನಿಂದ ಯು-40 ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಬಂದದ್ದು 0.5 ಮಿಲಿಲೀಟರ್, ಅಂದರೆ 50 ಯೂನಿಟ್. ಬೇಕಾದದ್ದರ ಎರಡೂವರೆ ಪಟ್ಟು. ಗ್ಲಾರ್ಜಿನ್‌ನಂತಹ ಇನ್ಸುಲಿನ್‌ಗಳು 100ರ ಶಕ್ತಿಯಲ್ಲಿ ವಯಲ್‌ಗಳಲ್ಲೂ ದೊರೆಯುವುದರಿಂದ ಒಂದೇ ಫ್ರಿಜ್ಜಿನಲ್ಲಿ ಎರಡೂ ಶಕ್ತಿಯ ವಯಲ್‌ಗಳು ಪಕ್ಕಪಕ್ಕ ಇರುವುದು ಇಂದಿನ ವಾರ್ಡಿನಲ್ಲಿ ಅಪರೂಪವೇನಲ್ಲ.

ಎರಡು ಶಕ್ತಿಗಳು ಏಕೆ ಉಳಿದವು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟ ಮೇಲೆ, ತಯಾರಿಕೆ ಸುಧಾರಿಸಿದಂತೆಲ್ಲ ಶಕ್ತಿಯೂ ಹೆಚ್ಚುತ್ತ ಬಂದು, ಹಲವು ಶಕ್ತಿಗಳ ಸೀಸೆಗಳು ಒಟ್ಟಿಗೆ ಮಾರುಕಟ್ಟೆಯಲ್ಲಿದ್ದವು. ಆ ಗೊಂದಲವನ್ನು ಕೊನೆಗಾಣಿಸಲೆಂದು 1970ರ ದಶಕದಲ್ಲಿ ಅಮೆರಿಕ ಯು-100ಕ್ಕೆ ಹೊರಳಿತು, ಅನೇಕ ದೇಶಗಳು ಹಿಂಬಾಲಿಸಿದವು. ನಮ್ಮಲ್ಲಿ ವಯಲ್‌ಗಳು ಹೆಚ್ಚಾಗಿ 40ರಲ್ಲೇ ಉಳಿದವು, ಇನ್ಸುಲಿನ್ ಚುಚ್ಚುವ ಪೆನ್ನಿನೊಳಗೆ ಕೂರಿಸುವ ಕಾರ್ಟ್ರಿಜ್‌ಗಳು 100ರಲ್ಲಿ ಬಂದವು. ಆದ್ದರಿಂದ ನಮ್ಮ ನರ್ಸಿಂಗ್ ವಿದ್ಯಾರ್ಥಿಗೆ ಎರಡು ಅಳತೆಗಳನ್ನೂ ಕಲಿಯದೆ ಬೇರೆ ದಾರಿಯಿಲ್ಲ.

ಈ ದೋಷದ ಬೆಲೆಯನ್ನು ನಾನು ಎರಡನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ಕಣ್ಣಾರೆ ಕಂಡೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮೆಡಿಕಲ್ ವಾರ್ಡಿನಲ್ಲಿ ಕಾಲಿನ ಹುಣ್ಣಿಗಾಗಿ ದಾಖಲಾಗಿದ್ದ ಒಬ್ಬ ಅಜ್ಜಿಗೆ ಬೆಳಿಗ್ಗೆ 20 ಯೂನಿಟ್ ಬರೆದಿತ್ತು. ಕೆಂಪು ಮುಚ್ಚಳದ ಸಿರಿಂಜ್ ಮುಗಿದಿದ್ದರಿಂದ ಸ್ಟೋರಿನಿಂದ ಕಿತ್ತಳೆ ಮುಚ್ಚಳದವು, ಅಂದರೆ ಯು-100 ಸಿರಿಂಜ್‌ಗಳು ಬಂದಿದ್ದವು. ಇನ್ಸುಲಿನ್ ಸಿರಿಂಜ್ ಎಂದ ಮೇಲೆ ಎಲ್ಲವೂ ಒಂದೇ ಎಂದು ನಾನು ನಂಬಿದ್ದೆ. 20ರವರೆಗೆ ಎಳೆದು ಕೊಟ್ಟೆ. ಆಕೆಗೆ ಸೇರಿದ್ದು 8. ಶುಗರ್ ಇಳಿಯಲಿಲ್ಲ. ಮರುದಿನ ವೈದ್ಯರು ಡೋಸನ್ನು 24 ಮಾಡಿದರು, ಅದರ ಮರುದಿನ 28. ಅದೇ ಕಿತ್ತಳೆ ಸಿರಿಂಜಿನಲ್ಲಿ 28 ಎಂದು ನಾವು ಕೊಟ್ಟದ್ದು ಸುಮಾರು 11 ಯೂನಿಟ್. ನಾಲ್ಕನೆಯ ದಿನ ಕೆಂಪು ಮುಚ್ಚಳದ ಹೊಸ ಪೆಟ್ಟಿಗೆ ಬಂತು. ನನ್ನ ಸಹಪಾಠಿ ಯಾವ ತಪ್ಪೂ ಇಲ್ಲದೆ, ಸರಿಯಾದ ಸಿರಿಂಜಿನಲ್ಲಿ, ಚಾರ್ಟಿನಲ್ಲಿದ್ದ 28 ಯೂನಿಟ್ಟನ್ನೇ ಕೊಟ್ಟಳು. ಹನ್ನೊಂದು ಗಂಟೆಯ ಹೊತ್ತಿಗೆ ಅಜ್ಜಿ ಬೆವರಿನಲ್ಲಿ ತೊಯ್ದು, ಮಗನನ್ನೇ ಯಾರು ಎಂದು ಕೇಳುತ್ತಿದ್ದರು. ಶುಗರ್ 48ಕ್ಕೆ ಕುಸಿದಿತ್ತು. ಶೇ. 25ರ ಡೆಕ್ಸ್ಟ್ರೋಸ್ (ಗ್ಲೂಕೋಸ್ ದ್ರಾವಣ) ಹೋದ ಮೇಲೆ ಚೇತರಿಸಿಕೊಂಡರು. ಸರಿಯಾಗಿ ಕೊಟ್ಟವಳು ಅತ್ತಳು. ಮೂರು ದಿನ ತಪ್ಪಾಗಿ ಕೊಟ್ಟ ನನಗೆ ಅದು ನನ್ನ ತಪ್ಪೆಂದು ತಿಳಿದದ್ದು ಅಂದು ಸಂಜೆ, ಇನ್‌ಚಾರ್ಜ್ ಸಿಸ್ಟರ್ ಕಸದ ಡಬ್ಬಿಯಲ್ಲಿದ್ದ ಕಿತ್ತಳೆ ಮುಚ್ಚಳಗಳನ್ನು ನೋಡಿ ನಮ್ಮನ್ನು ಕರೆದಾಗ. ಕಡಿಮೆ ಡೋಸ್ ಅಪಾಯವಿಲ್ಲದ ತಪ್ಪು ಎಂದು ಯಾರಾದರೂ ಹೇಳಿದರೆ ನನಗೆ ಆ ಅಜ್ಜಿಯ ಮುಖವೇ ಕಣ್ಣ ಮುಂದೆ ಬರುತ್ತದೆ.

ಆ ಘಟನೆಯನ್ನು ಮತ್ತೆ ಮತ್ತೆ ಯೋಚಿಸಿದ ಮೇಲೆ ಈ ಸಿರಿಂಜಿನ ವಿನ್ಯಾಸದಲ್ಲಿರುವ ಒಂದು ಕೊರತೆ ನನಗೆ ಸ್ಪಷ್ಟವಾಯಿತು. ಇದನ್ನು ಬೇರೆಯದರಿಂದ ಪ್ರತ್ಯೇಕಿಸುವ ಅತಿ ಮುಖ್ಯ ಗುರುತು ಬಣ್ಣ, ಮತ್ತು ಆ ಬಣ್ಣ ಇರುವುದು ಮುಚ್ಚಳದ ಮೇಲೆ. ಔಷಧಿ ಎಳೆಯಬೇಕಾದರೆ ಮೊದಲು ತೆಗೆಯುವುದು ಆ ಮುಚ್ಚಳವನ್ನೇ. ಅಳೆಯುವ ಕ್ಷಣದಲ್ಲಿ, ಚುಚ್ಚುವ ಕ್ಷಣದಲ್ಲಿ, ಇನ್ನೊಬ್ಬರು ಪರೀಕ್ಷಿಸುವ ಕ್ಷಣದಲ್ಲಿ ಆ ಗುರುತು ಟ್ರೇಯ ಮೂಲೆಯಲ್ಲೋ ಕಸದಲ್ಲೋ ಬಿದ್ದಿರುತ್ತದೆ. ಆಗ ಉಳಿಯುವುದು ಕೊಳವೆಯ ಮೇಲಿನ ಸಣ್ಣ ಅಚ್ಚು ಮಾತ್ರ. ರಾತ್ರಿ ಡ್ಯೂಟಿಯ ಮಂದ ಬೆಳಕಿನಲ್ಲಿ ಕೆಂಪಿಗೂ ಕಿತ್ತಳೆಗೂ ಇರುವ ಅಂತರವೂ ಅಷ್ಟಕ್ಕಷ್ಟೇ. ತಯಾರಕರು ಹಿಂದಿನಿಂದ ಒತ್ತುವ ಪ್ಲಂಜರಿನ ತುದಿಗೂ ಅದೇ ಬಣ್ಣ ಕೊಟ್ಟರೆ ಔಷಧಿ ಮೈಯೊಳಗೆ ಹೋಗುವ ತನಕ ಗುರುತು ಕೈಯಲ್ಲೇ ಇರುತ್ತದೆ.

ಇದಕ್ಕೆ ನಾನು ವಿದ್ಯಾರ್ಥಿಗಳಿಗೆ ಕಲಿಸುವ ಉಪಾಯ ಸರಳವಾದದ್ದು. ಮುಚ್ಚಳ ತೆಗೆಯುವ ಮೊದಲು ವಯಲನ್ನೂ ಸಿರಿಂಜನ್ನೂ ಒಂದೇ ಕೈಯಲ್ಲಿ ಪಕ್ಕಪಕ್ಕ ಹಿಡಿದು ಎರಡರ ಮೇಲಿನ ಅಂಕಿಯನ್ನೂ ಬಾಯಿಬಿಟ್ಟು ಓದಬೇಕು: 'ವಯಲ್ ನಲವತ್ತು, ಸಿರಿಂಜ್ ನಲವತ್ತು.' ಮನಸ್ಸಿನಲ್ಲಿ ಓದಿದರೆ ಸಾಲದು. ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಕೊಂಡುಬಿಡುತ್ತದೆ, ನಾಲಿಗೆ ಅಕ್ಷರವನ್ನು ಓದಬೇಕಾಗುತ್ತದೆ. ಪಠ್ಯದಲ್ಲಿ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂದು ಐದನ್ನು ಹೇಳಿಕೊಡುತ್ತೇವೆ. ಇನ್ಸುಲಿನ್ನಿನ ಮಟ್ಟಿಗೆ ಸರಿಯಾದ ಸಿರಿಂಜ್ ಎಂಬುದು ಪ್ರಮಾಣದ ಒಳಗೇ ಅಡಗಿ ಕುಳಿತಿದೆ. ಅದನ್ನು ಹೊರಗೆ ತೆಗೆದು ಆರನೆಯದಾಗಿ ನಿಲ್ಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ಸುಲಿನ್ ಅತ್ಯಂತ ಎಚ್ಚರಿಕೆ ಬೇಡುವ ಔಷಧಿಗಳ ಗುಂಪಿಗೆ ಸೇರಿದ್ದು. ಆದ್ದರಿಂದಲೇ ಇಬ್ಬರು ನೋಡಿ ಕೊಡಬೇಕೆಂಬ ನಿಯಮವನ್ನು ಅನೇಕ ಆಸ್ಪತ್ರೆಗಳು ಇಟ್ಟುಕೊಂಡಿವೆ. ಆದರೆ ಆ ನೋಟ ಹೇಗಿರುತ್ತದೆ ಎಂಬುದನ್ನು ಗಮನಿಸಿದ್ದೇನೆ. 'ಸಿಸ್ಟರ್, ಇದು ಹದಿನಾರು ಅಲ್ವಾ?' ಎಂದು ವಿದ್ಯಾರ್ಥಿನಿ ಕೇಳುತ್ತಾಳೆ, ಬೇರೆ ಕೆಲಸದಲ್ಲಿರುವ ಸಿಸ್ಟರ್ 'ಹೂಂ, ಹೋಗಮ್ಮ' ಎನ್ನುತ್ತಾರೆ. ಇದು ಪರೀಕ್ಷೆಯಲ್ಲ, ಒಪ್ಪಿಗೆ. 'ಸಿಸ್ಟರ್, ಚಾರ್ಟ್ ಇಲ್ಲಿದೆ, ವಯಲ್ ಇಲ್ಲಿದೆ. ಇದರಲ್ಲಿ ಎಷ್ಟು ಎಳೆದಿದ್ದೇನೆ, ನೋಡಿ ಹೇಳ್ತೀರಾ?' ಎಂದು ಕೇಳಿ, ಅಂಕಿಯನ್ನು ತಾನು ಹೇಳದೆ ಸುಮ್ಮನಿದ್ದರೆ ಎದುರಿನವರು ನಿಜವಾಗಿ ನೋಡಲೇಬೇಕಾಗುತ್ತದೆ. ಹಿರಿಯರನ್ನು ಹೀಗೆ ಕೇಳುವುದು ಅಧಿಕಪ್ರಸಂಗವೆಂದು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಗೌರವದಿಂದಲೇ ಕೇಳಬಹುದು, ಆದರೆ ಕೇಳಲೇಬೇಕು.

ರೋಗಿಯ ಗುರುತಿನ ವಿಷಯದಲ್ಲೂ ಇದೇ ಮಾತು. 'ಲಕ್ಷ್ಮಮ್ಮ ಅವರಾ?' ಎಂದರೆ ಕಿವಿ ಮಂದವಾದ ಹಿರಿಯರು ಯಾವ ಹೆಸರಿಗೂ 'ಹೂಂ' ಎನ್ನುತ್ತಾರೆ. 'ನಿಮ್ಮ ಹೆಸರೇನು ಅಜ್ಜಿ? ಯಾವೂರು?' ಎಂದು ಅವರಿಂದಲೇ ಹೇಳಿಸಿ, ಕೇಸ್ ಶೀಟಿನ ನಂಬರಿನೊಂದಿಗೆ ಹೋಲಿಸಬೇಕು. ಹಾಸಿಗೆಯ ನಂಬರ್ ಗುರುತಲ್ಲ. ರೋಗಿಗಳು ಹಾಸಿಗೆ ಬದಲಿಸುತ್ತಾರೆ. ಇದರ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, 'ತಿಂಡಿ ಬಂತಾ?' ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವಂಥದ್ದು. ಸ್ಕ್ಯಾನಿಂಗಿಗೆಂದು ಉಪವಾಸವಿಟ್ಟ ರೋಗಿಗೆ, ವಾಂತಿಯಾಗುತ್ತಿರುವ ರೋಗಿಗೆ, ಮನೆಯಿಂದ ಮುದ್ದೆ ಬರಲೆಂದು ಕಾಯುತ್ತಿರುವ ರೋಗಿಗೆ ಸರಿಯಾದ ಡೋಸೂ ತಪ್ಪಾದ ಡೋಸೇ. ಅಂಥಲ್ಲಿ ಸಿರಿಂಜನ್ನು ಕೆಳಗಿಟ್ಟು ವೈದ್ಯರನ್ನು ಕೇಳಬೇಕು.

ಐಸಿಯುವಿನಲ್ಲಿ ಈ ಸಿರಿಂಜಿನ ಮಿತಿ ಬೇರೆ ರೀತಿಯಲ್ಲಿ ಕಾಣುತ್ತದೆ. ಅಲ್ಲಿ 50 ಮಿಲಿಲೀಟರ್ ಸಲೈನಿಗೆ 50 ಯೂನಿಟ್ ರೆಗ್ಯುಲರ್ ಸೇರಿಸಿ, ಮಿಲಿಲೀಟರಿಗೆ ಒಂದು ಯೂನಿಟ್ ಆಗುವಂತೆ ಪಂಪಿನಲ್ಲಿ ಬಿಡುವ ರೂಢಿಯಿದೆ. 40ರ ವಯಲ್‌ನಿಂದ 50 ಯೂನಿಟ್ ಎಂದರೆ 1.25 ಮಿಲಿಲೀಟರ್, ಕೆಂಪು ಮುಚ್ಚಳದ ಸಿರಿಂಜನ್ನು ಒಮ್ಮೆ ಪೂರ್ತಿ, ಇನ್ನೊಮ್ಮೆ ಹತ್ತರವರೆಗೆ ತುಂಬಬೇಕು. ಎರಡು ಸಲ ಎಳೆಯುವ ಬೇಸರಕ್ಕೆ ಯಾರಾದರೂ ಯು-100 ಸಿರಿಂಜ್ ತೆಗೆದುಕೊಂಡು 50ರವರೆಗೆ ಒಂದೇ ಸಲ ಎಳೆದರೆ ಪಂಪಿಗೆ ಸೇರುವುದು 20 ಯೂನಿಟ್ ಮಾತ್ರ. ಪಂಪ್ ಎಷ್ಟೇ ನಿಖರವಾಗಿದ್ದರೂ ಒಳಗಿನ ದ್ರಾವಣವೇ ತಪ್ಪಾಗಿರುತ್ತದೆ.

ಯಾವ ಇನ್ಸುಲಿನ್ ಸಿರಿಂಜೂ ಇಲ್ಲದ ಹೊತ್ತಿನಲ್ಲಿ ಕ್ಷಯದ ಚರ್ಮ ಪರೀಕ್ಷೆಗೆ ಬಳಸುವ ಟ್ಯುಬರ್ಕ್ಯುಲಿನ್ ಸಿರಿಂಜ್ ಹಿಡಿಯುವವರಿದ್ದಾರೆ. ಅದರಲ್ಲಿರುವುದು ಮಿಲಿಲೀಟರಿನ ನೂರನೆಯ ಭಾಗಗಳು, ಯೂನಿಟ್ ಅಲ್ಲ. 16 ಯೂನಿಟ್ಟಿಗೆ 0.4 ಮಿಲಿಲೀಟರ್ ಬೇಕು; 0.16ಕ್ಕೆ ಎಳೆದರೆ ಸಿಗುವುದು 6.4 ಯೂನಿಟ್. ವಿದ್ಯಾರ್ಥಿಗಳು ಇದನ್ನು ಮುಟ್ಟದೆ ಸ್ಟೋರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಬರೆದು ಸರಿಯಾದ ಸಿರಿಂಜ್ ತರಿಸಿಕೊಳ್ಳುವುದೇ ಮೇಲು. ಪೆನ್ನಿನ ಕಾರ್ಟ್ರಿಜ್ಜಿಗೆ ಸಿರಿಂಜ್ ಚುಚ್ಚಿ ಎಳೆಯುವುದಂತೂ ಕೂಡದು. ಅದರಲ್ಲಿರುವುದು 100ರ ಶಕ್ತಿ. ಕೆಂಪು ಮುಚ್ಚಳದ್ದರಲ್ಲಿ 16ರವರೆಗೆ ಎಳೆದರೆ 40 ಯೂನಿಟ್ ಬರುತ್ತದೆ.

ಸೂಜಿಯ ಬಗ್ಗೆ ನನ್ನ ಅಭಿಪ್ರಾಯ ಚೆನ್ನಾಗಿದೆ. 31 ಗೇಜಿನ ತೆಳು ಸೂಜಿ ನೋವು ಕಡಿಮೆ ಮಾಡುತ್ತದೆ. 6 ಮಿಲಿಮೀಟರಿನದೂ 8 ಮಿಲಿಮೀಟರಿನದೂ ಸಿಗುತ್ತವೆ. ನಮ್ಮ ತೆಳ್ಳಗಿನ ರೋಗಿಗಳಿಗೆ ಉದ್ದನೆಯದು ಸ್ನಾಯುವಿಗೆ ತಲುಪುವ ಸಾಧ್ಯತೆ ಇರುವುದರಿಂದ ಚರ್ಮವನ್ನು ಮೆಲ್ಲಗೆ ಮಡಿಸಿ ಹಿಡಿದು, ಅಗತ್ಯವಿದ್ದರೆ 45 ಡಿಗ್ರಿ ಓರೆಯಾಗಿ ಕೊಡಬೇಕು. ಆಯ್ಕೆಯಿದ್ದರೆ ನಾನು 6 ಮಿಲಿಮೀಟರಿನದನ್ನೇ ತರಿಸುತ್ತೇನೆ. ಕೊಟ್ಟ ಮೇಲೆ ಮುಚ್ಚಳ ಹಾಕುವಂತಿಲ್ಲ. ಸೂಜಿ ಬೇರ್ಪಡದ ಕಾರಣ ಇಡೀ ಸಿರಿಂಜನ್ನೇ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುವ ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಬೇಕು. ಸಿರಿಂಜ್ ಎಂದೊಡನೆ ಕೆಂಪು ಚೀಲಕ್ಕೆ ಕೈಹೋಗುವ ಅಭ್ಯಾಸವಿರುವ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಆ ಚೀಲ ಎತ್ತುವ ಸಿಬ್ಬಂದಿಯ ಕೈ ಆ ಸೂಜಿಗೆ ಸಿಕ್ಕುತ್ತದೆ.

ಬರವಣಿಗೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಅಂಕಿಗೆ ಅಂಟಿಸಿ ಬರೆದರೆ ಅವಸರದ ಕೈಬರಹದಲ್ಲಿ ಅದು ಸೊನ್ನೆಯಾಗುತ್ತದೆ, 10 ನೂರಾಗುತ್ತದೆ. 'ಯೂನಿಟ್ಸ್' ಎಂದು ಪೂರ್ತಿ ಬರೆಯುವುದಕ್ಕೆ ಎರಡು ಕ್ಷಣ ಸಾಕು.

ಮನೆಗೆ ಹೋಗುವ ರೋಗಿಯ ವಿಷಯದಲ್ಲಿ ಈ ಸಿರಿಂಜ್ ನಮ್ಮಿಂದ ಇನ್ನೂ ಹೆಚ್ಚಿನ ಕೆಲಸ ಬೇಡುತ್ತದೆ. ಊರಿನ ಔಷಧಿ ಅಂಗಡಿಯಲ್ಲಿ 'ಇನ್ಸುಲಿನ್ ಸಿರಿಂಜ್ ಕೊಡಿ' ಎಂದರೆ ಎದುರಿಗಿದ್ದದ್ದನ್ನು ಕೊಡುತ್ತಾರೆ. ಡಿಸ್ಚಾರ್ಜ್ ದಿನ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು, ಅಂಗಡಿಗೆ ಹೋಗುವಾಗ ಖಾಲಿ ವಯಲನ್ನೂ ಕೆಂಪು ಮುಚ್ಚಳವನ್ನೂ ಕೈಯಲ್ಲಿ ಹಿಡಿದು ಹೋಗಿ ಎಂದು ಹೇಳುತ್ತೇನೆ. ಓದುಬರಹ ಬಾರದವರಿಗೂ ಇದು ಸಾಧ್ಯ. ಬಳಸುವ ವಯಲ್ ಸುಮಾರು ನಾಲ್ಕು ವಾರಕ್ಕೆ ಮುಗಿಯಬೇಕಾದ್ದರಿಂದ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಸುತ್ತೇನೆ. ಫ್ರಿಜ್ ಇಲ್ಲದ ಮನೆಯಾದರೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆಯಿಟ್ಟು, ನೆರಳಿನಲ್ಲಿಡುವ ಕ್ರಮವನ್ನು ತೋರಿಸುತ್ತೇನೆ. ಫ್ರಿಜ್ ಇರುವ ಮನೆಯಲ್ಲಿ ಐಸ್ ಕಟ್ಟುವ ಭಾಗಕ್ಕೆ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಟ್ಟದ್ದೇ. ಹೊಟ್ಟೆಯ ಮೇಲೆ ಒಂದೇ ಜಾಗಕ್ಕೆ ಚುಚ್ಚಿ ಗಂಟಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಗಂಟಿನಲ್ಲಿ ಕೊಟ್ಟ ಔಷಧಿ ಒಂದು ದಿನ ಹೀರಿಕೊಂಡಂತೆ ಇನ್ನೊಂದು ದಿನ ಹೀರಿಕೊಳ್ಳುವುದಿಲ್ಲ. ಒಂದೇ ಸಿರಿಂಜನ್ನು ದಿನಗಟ್ಟಲೆ ಬಳಸುವ ಮನೆಗಳೂ ಇವೆ. ಇದು ಒಂದೇ ಬಾರಿಯ ಬಳಕೆಗೆಂದು ಮಾಡಿದ ವಸ್ತು. ಮರುಬಳಕೆಯಿಂದ ಸೂಜಿ ಮೊಂಡಾಗುತ್ತದೆ, ಸ್ಪಿರಿಟ್ ಹಚ್ಚಿ ಒರೆಸಿದರೆ ಗೆರೆಗಳೂ ಮಾಸುತ್ತವೆ. ಗದರಿಸಿದರೆ ಅವರು ಹೇಳುವುದನ್ನು ನಿಲ್ಲಿಸುತ್ತಾರೆಯೇ ಹೊರತು ಬಳಸುವುದನ್ನಲ್ಲ. ಖರ್ಚಿನ ಕಷ್ಟವನ್ನು ಕೇಳಿ ತಿಳಿದುಕೊಂಡು ಮಾತನಾಡಬೇಕು.

ಒಟ್ಟಿನಲ್ಲಿ 40ರ ವಯಲ್ ಬಳಸುವ ಎಲ್ಲ ಕಡೆಗೂ ಈ ಸಿರಿಂಜನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಅಳತೆಯಲ್ಲಿ, ಸೂಜಿಯಲ್ಲಿ, ಬೆಲೆಯಲ್ಲಿ ಇದು ಒಳ್ಳೆಯ ವಸ್ತು. ಆದರೆ ಎರಡೂ ಬಣ್ಣದ ಸಿರಿಂಜ್‌ಗಳನ್ನು ಒಂದೇ ಟ್ರೇಯಲ್ಲಿಡುವ ವಾರ್ಡಿಗೆ ಇದನ್ನು ಕೊಳ್ಳುವ ಮೊದಲು ಟ್ರೇಯನ್ನು ಬದಲಿಸಿ ಎಂದು ಹೇಳುತ್ತೇನೆ: ವಯಲ್ ಮತ್ತು ಅದರ ಸಿರಿಂಜ್ ಒಂದೇ ಡಬ್ಬಿಯಲ್ಲಿರಲಿ, 100ರವು ಬೇರೆ ಗೂಡಿನಲ್ಲಿರಲಿ.

ನಮ್ಮ ಕೌಶಲ ಪ್ರಯೋಗಾಲಯದಲ್ಲಿ ಈಗ ಪ್ರತಿ ವಿದ್ಯಾರ್ಥಿಯ ಮುಂದೆ ಎರಡು ಖಾಲಿ ವಯಲ್‌ಗಳಲ್ಲಿ ನೀರು ತುಂಬಿಸಿ, ಎರಡು ಬಗೆಯ ಸಿರಿಂಜ್‌ಗಳ ಮುಚ್ಚಳ ತೆಗೆದು ಇಡುತ್ತೇನೆ. ಹದಿನೆಂಟು ಯೂನಿಟ್ ಎಳೆಯಲು ಹೇಳುತ್ತೇನೆ. ಮೊದಲ ದಿನ ಹೆಚ್ಚಿನವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಮೂರನೆಯ ದಿನಕ್ಕೆ ಕೋಣೆಯ ತುಂಬ 'ವಯಲ್ ನಲವತ್ತು, ಸಿರಿಂಜ್ ನಲವತ್ತು' ಎಂಬ ದನಿ ಕೇಳುತ್ತದೆ. ಆ ದನಿ ಕೇಳಿದ ಮೇಲೆಯೇ ನಾನು ಅವರ ವಾರ್ಡ್ ಪೋಸ್ಟಿಂಗ್ ಪಟ್ಟಿಗೆ ಸಹಿ ಹಾಕುತ್ತೇನೆ.